ನಲವತ್ತು ನಿಮಿಷಗಳ ನೆರಳು

ಅಮೆರಿಕದ ರ‍್ಯಾಪರ್ ನಾಸ್‌ನ ಅಭಿಮಾನಿಗಳನ್ನು ಒಂದೆಡೆ ಕೂರಿಸಿದರೆ ಅರ್ಧ ಗಂಟೆ ಕಳೆಯುವುದರೊಳಗೆ ಅವರು ಎರಡು ಪಂಗಡವಾಗಿ ಒಡೆದಿರುತ್ತಾರೆ. 1994ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಆತ ಹೊರತಂದ 'ಇಲ್‌ಮ್ಯಾಟಿಕ್' ಎಂಬ ಆಲ್ಬಮ್ಮೇ ಶಿಖರ, ಅಲ್ಲಿಂದೀಚೆಗೆ ನಡೆದದ್ದೆಲ್ಲ ಇಳಿಜಾರು ಎನ್ನುವವರು ಒಂದು ಕಡೆ. 2020ರಿಂದ 2023ರ ನಡುವೆ ಹಿಟ್-ಬಾಯ್ ಎಂಬ ಸಂಗೀತ ಸಂಯೋಜಕನ ಜೊತೆಗೂಡಿ ಆತ ಹೊರತಂದ ಆರು ಆಲ್ಬಮ್‌ಗಳನ್ನು ಮುಂದಿಟ್ಟು, ಐವತ್ತರ ಹೊಸ್ತಿಲಲ್ಲಿ ನಿಂತು ಇಷ್ಟು ಹದವಾಗಿ ಬರೆದ ಇನ್ನೊಬ್ಬ ರ‍್ಯಾಪರ್‌ನನ್ನು ತೋರಿಸಿ ನೋಡೋಣ ಎಂದು ಸವಾಲು ಹಾಕುವವರು ಇನ್ನೊಂದು ಕಡೆ. ನಾನು ಬಹುಕಾಲ ಮೊದಲನೆಯ ಪಂಗಡದಲ್ಲಿದ್ದವನು. ಈಗ ಎರಡನೆಯದಕ್ಕೆ ಪೂರ್ತಿಯಾಗಿ ಸೇರಿಬಿಟ್ಟಿದ್ದೇನೆ ಎಂದೂ ಹೇಳಲಾರೆ.

ಆದರೆ ಇಷ್ಟು ವರ್ಷ ಈ ವಾದವನ್ನು ಕೇಳುತ್ತ, ಅದರಲ್ಲಿ ನಾನೂ ದನಿಗೂಡಿಸುತ್ತ ಬಂದ ಮೇಲೆ, ಎರಡೂ ಕಡೆಯವರು ಮತ್ತೆ ಮತ್ತೆ ಬಳಸುವ 'ಸ್ಥಿರತೆ' ಎಂಬ ಮಾತಿನ ಬಗ್ಗೆ ನನಗೆ ಅನುಮಾನ ಹುಟ್ಟಿದೆ. ಒಬ್ಬರು ಆ ಮಾತನ್ನಾಡುವಾಗ ಗುಣಮಟ್ಟ ಕುಸಿಯದೆ ಇರುವುದನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಇನ್ನೊಬ್ಬರು ಹಾಡುವವನು ಬದಲಾಗದೆ ಇರುವುದನ್ನು. ಈ ಎರಡೂ ಒಂದೇ ಅಲ್ಲ ಎನ್ನುವುದು ಹೇಳಿದರೆ ಯಾರಿಗಾದರೂ ತಿಳಿಯುವ ವಿಷಯವೇ. ಆದರೂ ಜಗಳದ ಕಾವಿನಲ್ಲಿ ಒಂದನ್ನು ಕೇಳಿದವರಿಗೆ ಇನ್ನೊಂದರ ಉತ್ತರ ದೊರೆಯುತ್ತದೆ, ಮಾತು ಮುಗಿಯುವುದೇ ಇಲ್ಲ.

ಮೊದಲ ಆಲ್ಬಮ್ಮಿನಿಂದಲೇ ಆರಂಭಿಸಬೇಕು, ಏಕೆಂದರೆ ಉಳಿದ ಎಲ್ಲವನ್ನೂ ಅಳೆಯುವ ಕೋಲು ಅದೇ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿರುವ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ ನಾಸಿರ್ ಜೋನ್ಸ್, ಅಂದರೆ ನಾಸ್, ಎಂಟನೆಯ ತರಗತಿಯ ನಂತರ ಶಾಲೆ ಬಿಟ್ಟವನು. ತಂದೆ ಓಲು ದಾರಾ ಜಾಝ್ ಮತ್ತು ಬ್ಲೂಸ್ ಸಂಗೀತಗಾರ, ಕಾರ್ನೆಟ್ ಎಂಬ ಕಹಳೆಯಂಥ ವಾದ್ಯ ನುಡಿಸುವವರು. 1991ರಲ್ಲಿ ಮೇನ್ ಸೋರ್ಸ್ ತಂಡದ ಹಾಡೊಂದರಲ್ಲಿ ಹದಿಹರೆಯದ ಈ ಹುಡುಗ ಹೇಳಿದ ಒಂದೇ ಒಂದು ಚರಣ ಊರೆಲ್ಲ ಸುದ್ದಿಯಾಯಿತು. ಮರುವರ್ಷ ಆತನ ಆಪ್ತ ಗೆಳೆಯ, ನೆರೆಮನೆಯವನೇ ಆಗಿದ್ದ ಹುಡುಗ, ಗುಂಡೇಟಿಗೆ ಬಲಿಯಾದ. 1994ರ ಏಪ್ರಿಲ್ 19ರಂದು ಬಿಡುಗಡೆಯಾದ ಆಲ್ಬಮ್ಮಿನ ಹಿಂದೆ ಈ ಸಾವಿನ ಛಾಯೆ ಇದೆ.

ಪೀಠಿಕೆಯೂ ಸೇರಿ ಹತ್ತೇ ಭಾಗಗಳು, ಒಟ್ಟು ಸುಮಾರು ನಲವತ್ತು ನಿಮಿಷ. ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್.ಇ.ಎಸ್. ಎಂಬ ಐವರು ಬೀಟ್ (ಹಾಡಿನ ಹಿನ್ನೆಲೆಯ ತಾಳ, ಸಂಗೀತ) ಕಟ್ಟಿದರು. ಒಬ್ಬ ಹೊಸಬನ ಮೊದಲ ಆಲ್ಬಮ್ಮಿಗೆ ಅಂದಿನ ನ್ಯೂಯಾರ್ಕಿನ ಇಂಥ ಘಟಾನುಘಟಿಗಳು ಒಟ್ಟಾಗಿ ಕೈಹಚ್ಚಿದ್ದು ಆಗ ಅಪರೂಪದ ಸಂಗತಿ. ಅತಿಥಿಯಾಗಿ ರ‍್ಯಾಪ್ ಮಾಡಿದವನು ಎಝೀ ಒಬ್ಬನೇ. ಆ ಹಾಡಿನ ಕೊನೆಯಲ್ಲಿ ಕೇಳುವ ಕಾರ್ನೆಟ್ ತಂದೆಯದು. 'ದಿ ಸೋರ್ಸ್' ಎಂಬ ಹಿಪ್ ಹಾಪ್ ಪತ್ರಿಕೆ ಐದಕ್ಕೆ ಐದು ಮೈಕ್ (ಅದು ಅಂಕಕ್ಕೆ ಇಟ್ಟ ಹೆಸರು) ಕೊಟ್ಟಿತು. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಮನ್ನಣೆ ಹಿಪ್ ಹಾಪ್ ಲೋಕದಲ್ಲಿ ಇರಲಿಲ್ಲ. ಮಾರಾಟ ಮಾತ್ರ ಮಂದಗತಿಯದು, ಹತ್ತು ಲಕ್ಷ ಪ್ರತಿಗಳ ಗಡಿ ಮುಟ್ಟಲು 2001ರವರೆಗೆ ಕಾಯಬೇಕಾಯಿತು. 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಅದನ್ನು ಸೇರಿಸಿಕೊಂಡಿತು.

ಈ ಆಲ್ಬಮ್ಮನ್ನು ಕೇಳುವಾಗ ಕಿವಿಗೆ ಬೀಳುವ ಮೊದಲ ವಿಶೇಷ ಪ್ರಾಸದ ನೇಯ್ಗೆ. ಪ್ರಾಸವೆಂದರೆ ಸಾಲಿನ ಎರಡನೆಯ ಅಕ್ಷರದಲ್ಲಿ ಬರುವುದು ಎಂದು ಛಂದಸ್ಸಿನ ಪಾಠದಲ್ಲಿ ಕಲಿತ ನಮ್ಮಂಥವರಿಗೆ, ಸಾಲಿನ ನಡುವೆ ಹುಟ್ಟಿ, ತುದಿಯಲ್ಲಿ ಮಿಂಚಿ, ಮುಂದಿನ ಸಾಲಿನ ಹೊಟ್ಟೆಯೊಳಕ್ಕೆ ನುಗ್ಗುವ ಈ ಬಗೆ ಆರಂಭದಲ್ಲಿ ಗಲಿಬಿಲಿ ಹುಟ್ಟಿಸುತ್ತದೆ. ಒಂದು ಪದಕ್ಕೆ ಒಂದು ಪದ ಎಂಬ ಲೆಕ್ಕ ಅಲ್ಲಿಲ್ಲ, ನಾಲ್ಕೈದು ಉಚ್ಚಾರಗಳ ಒಂದು ಗೊಂಚಲಿಗೆ ಅಷ್ಟೇ ತೂಕದ ಇನ್ನೊಂದು ಗೊಂಚಲು ಎದುರಾಗುತ್ತದೆ. ಎರಡನೆಯ ವಿಶೇಷ ನೋಟದ್ದು. ಆತ ಬೀದಿಯ ನಾಯಕನಾಗಿ ಮಾತನಾಡುವುದಿಲ್ಲ. ಕಿಟಕಿಯ ಬಳಿ ನಿಂತು ಕಂಡದ್ದನ್ನು ಹೇಳುತ್ತಾನೆ. ಸೆರೆಮನೆಯಲ್ಲಿರುವ ಗೆಳೆಯರಿಗೆ ಬರೆದ ಪತ್ರದ ರೂಪದಲ್ಲಿರುವ 'ಒನ್ ಲವ್' ಹಾಡಿನಲ್ಲಿ ಊರಿನ ಸಣ್ಣಪುಟ್ಟ ಸುದ್ದಿಗಳೇ ತುಂಬಿವೆ, ತೀರ್ಪು ಬಹಳ ಕಡಿಮೆ.

ಇಷ್ಟನ್ನು ಇಪ್ಪತ್ತನೆಯ ವಯಸ್ಸಿಗೇ ಸಾಧಿಸಿದವನು ಮುಂದೇನು ಮಾಡಬೇಕು? ಅಭಿಮಾನಿಗಳ ಜಗಳ ನಿಜವಾಗಿ ಹುಟ್ಟುವುದು ಇಲ್ಲಿ. 1996ರ ಜುಲೈಯಲ್ಲಿ ಬಂದ 'ಇಟ್ ವಾಸ್ ರಿಟನ್' ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲೇ ಕಾಣಿಸಿಕೊಂಡಿತು. ಲಾರಿನ್ ಹಿಲ್‌ಳ ಪಲ್ಲವಿಯಿದ್ದ ಹಾಡು ಎಲ್ಲೆಡೆ ಮೊಳಗಿತು. ಟ್ರ್ಯಾಕ್‌ಮಾಸ್ಟರ್ಸ್ ಜೋಡಿ ಕಟ್ಟಿದ ಹೊಳಪಿನ ಬೀಟ್‌ಗಳನ್ನು ಕೇಳಿದ ಹಳೆಯ ಅಭಿಮಾನಿಗಳು ಆತ ಮಾರಿಹೋದ ಎಂದರು. ಇವತ್ತು ಅದೇ ಆಲ್ಬಮ್ಮನ್ನು, ಮೊದಲನೆಯದಕ್ಕಿಂತ ಒಂದು ಕೈ ಮೇಲು ಎಂದು ವಾದಿಸುವವರ ಸಂಖ್ಯೆ ಸಣ್ಣದಲ್ಲ. ಅಂದು ದ್ರೋಹವೆನಿಸಿದ್ದು ಇಂದು ಪರಂಪರೆಯ ಭಾಗವಾಗಿದೆ. ಈ ತಿರುವುಮುರುವನ್ನು ಒಂದು ಸಲ ಕಂಡ ಮೇಲಾದರೂ ಹೊಸ ಆಲ್ಬಮ್ ಬಂದ ವಾರದಲ್ಲೇ ತೀರ್ಪು ಬರೆಯುವ ಆತುರ ಕಡಿಮೆಯಾಗಬೇಕಿತ್ತು, ಆಗಲಿಲ್ಲ.

1999ರ ಕಥೆ ಬೇರೆ. ಜೋಡಿ ಆಲ್ಬಮ್ಮಾಗಿ ಬರಬೇಕಿದ್ದ ಹಾಡುಗಳು ಬಿಡುಗಡೆಗೆ ಮೊದಲೇ ಸೋರಿಹೋಗಿ ಎಂಪಿ3 ರೂಪದಲ್ಲಿ ಊರು ಸುತ್ತಿದವು. ಆತ ಯೋಜನೆಯನ್ನು ಮುರಿದು 'ಐ ಆ್ಯಮ್' ಎಂಬ ಒಂದನ್ನು ಏಪ್ರಿಲ್‌ನಲ್ಲಿ, ತರಾತುರಿಯಲ್ಲಿ ಕಟ್ಟಿದ 'ನಾಸ್ಟ್ರಡಾಮಸ್' ಎಂಬ ಇನ್ನೊಂದನ್ನು ನವೆಂಬರ್‌ನಲ್ಲಿ ಹೊರತಂದ. ಎರಡನೆಯದನ್ನು ಸಮರ್ಥಿಸುವ ಅಭಿಮಾನಿಯನ್ನು ನಾನಿನ್ನೂ ಭೇಟಿಯಾಗಿಲ್ಲ. ಆದರೆ ಕೈಬಿಟ್ಟ ಹಾಡುಗಳು 2002ರಲ್ಲಿ 'ದಿ ಲಾಸ್ಟ್ ಟೇಪ್ಸ್' ಎಂಬ ಸಂಕಲನದಲ್ಲಿ ಬೆಳಕು ಕಂಡಾಗ, ಆತನ ಬರವಣಿಗೆ ಸೊರಗಿರಲೇ ಇಲ್ಲ, ಆಯ್ಕೆ ಮಾತ್ರ ಕೈಕೊಟ್ಟಿತ್ತು ಎಂಬುದು ಸ್ಪಷ್ಟವಾಯಿತು. ಬರೆಯುವ ಶಕ್ತಿ ಬೇರೆ, ಬರೆದುದರಲ್ಲಿ ಯಾವುದನ್ನು ಮುಂದಿಡಬೇಕೆಂಬ ವಿವೇಕ ಬೇರೆ. ನಾಸ್‌ನ ಏರಿಳಿತಗಳ ಬಗ್ಗೆ ಮಾತನಾಡುವವರು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

'ಸ್ಥಿರತೆ' ಎಂಬುದು ಲೆಕ್ಕಾಚಾರದ ಭಾಷೆಯಾದದ್ದು 2001ರಲ್ಲಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ತನ್ನ ಆಲ್ಬಮ್ಮಿನ ಹಾಡೊಂದರಲ್ಲಿ ನ್ಯೂಯಾರ್ಕಿನ ಇನ್ನೊಬ್ಬ ರ‍್ಯಾಪರ್ ಜೇ-ಝೀ, ನಾಸ್ ಹತ್ತು ವರ್ಷಕ್ಕೆ ಒಂದೇ ಒಂದು ಒಳ್ಳೆಯ ಆಲ್ಬಮ್ ಕೊಟ್ಟವನು ಎಂದು ಸರಾಸರಿ ತೆಗೆದು ಹಂಗಿಸಿದ. ರ‍್ಯಾಪ್ ಕಾಳಗಗಳಲ್ಲಿ ಬೈಗುಳಕ್ಕೆ ಬರವಿಲ್ಲ, ಆದರೆ ಇಲ್ಲಿ ಬೈಗುಳಕ್ಕಿಂತ ಗಣಿತ ಹೆಚ್ಚು ಆಳಕ್ಕೆ ಇರಿಯಿತು. ಡಿಸೆಂಬರ್‌ನಲ್ಲಿ 'ಸ್ಟಿಲ್‌ಮ್ಯಾಟಿಕ್' ಮೂಲಕ ನಾಸ್ ಕೊಟ್ಟ ಉತ್ತರ ಎಷ್ಟು ಬಿರುಸಾಗಿತ್ತೆಂದರೆ ಆ ಹಾಡಿನ ಹೆಸರಾದ 'ಈಥರ್' ಎಂಬುದು ಎದುರಾಳಿಯನ್ನು ಮಾತಿನಲ್ಲಿ ಸುಟ್ಟುಹಾಕುವುದಕ್ಕೆ ಬಳಸುವ ಕ್ರಿಯಾಪದವೇ ಆಗಿಹೋಯಿತು. ಇಬ್ಬರೂ 2005ರಲ್ಲಿ ಒಂದೇ ವೇದಿಕೆಯ ಮೇಲೆ ಕೈಕುಲುಕಿದರು. ಮುಂದಿನ ವರ್ಷ, ಜೇ-ಝೀ ಮುಖ್ಯಸ್ಥನಾಗಿದ್ದ ಡೆಫ್ ಜಾಮ್ ಧ್ವನಿಮುದ್ರಣ ಸಂಸ್ಥೆಗೆ ನಾಸ್ ಸೇರಿದ. ಕಾಳಗ ಮುಗಿಯಿತು, ಸರಾಸರಿ ಮಾತ್ರ ಉಳಿಯಿತು. ಇಂದಿಗೂ ನಾಸ್‌ನ ಅಭಿಮಾನಿಗಳು ಆತನ ಆಲ್ಬಮ್‌ಗಳನ್ನು ಎಣಿಸಿ ಭಾಗಿಸುವಾಗ ತಮಗೆ ಅರಿವಿಲ್ಲದೆ ಎದುರಾಳಿಯ ಮಗ್ಗಿಯನ್ನೇ ಹೇಳುತ್ತಿರುತ್ತಾರೆ.

ನನ್ನದೂ ಒಂದು ಸಿದ್ಧಾಂತವಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮೊದಲ ಆಲ್ಬಮ್ ವರ್ತಮಾನಕಾಲದಲ್ಲಿ ಬರೆದದ್ದು, ನಂತರದವುಗಳೆಲ್ಲ ನಿಧಾನವಾಗಿ ಭೂತಕಾಲಕ್ಕೆ ಜಾರಿದವು, ಬದಲಾದದ್ದು ಪ್ರತಿಭೆಯಲ್ಲ, ಕ್ರಿಯಾಪದ ಎಂಬುದು ಅದರ ಸಾರ. 1994ರ ಹುಡುಗ ಕಣ್ಣೆದುರು ನಡೆಯುತ್ತಿರುವುದನ್ನು, ಮುಂದೇನಾಗುವುದೋ ತಿಳಿಯದೆ ಹೇಳುತ್ತಿದ್ದ; 2020ರ ನಂತರದ ಹಿರಿಯ, ಎಲ್ಲವೂ ಹೇಗೆ ಮುಗಿಯಿತೆಂದು ತಿಳಿದುಕೊಂಡೇ ಹೇಳುತ್ತಾನೆ. ಕೇಳುಗನಿಗೆ ಮೊದಲನೆಯದರಲ್ಲಿ ಎದೆ ಢವಗುಟ್ಟುವುದಕ್ಕೂ ಎರಡನೆಯದರಲ್ಲಿ ಮೆಚ್ಚುಗೆಯಷ್ಟೇ ಮೂಡುವುದಕ್ಕೂ ಇದೇ ಕಾರಣ ಎಂದು ನಾನು ಗೆಳೆಯನೊಬ್ಬನ ಮುಂದೆ ಬಹಳ ಹೊತ್ತು ವಿವರಿಸಿದೆ. ಆತ ಪೂರ್ತಿ ಕೇಳಿಸಿಕೊಂಡು, "ಮೊದಲ ಆಲ್ಬಮ್ಮಿನಲ್ಲೇ 'ಮೆಮೊರಿ ಲೇನ್' ಇದೆಯಲ್ಲ ಮಾರಾಯ, ಅದು ಯಾವ ಕಾಲ?" ಎಂದ.

ನನ್ನ ಬಾಯಿ ಮುಚ್ಚಿತು. ಹೌದು, ಇಪ್ಪತ್ತನೆಯ ವಯಸ್ಸಿನಲ್ಲೇ ಆತ ನೆನಪಿನ ಓಣಿಯಲ್ಲಿ ನಡೆದಾಡುತ್ತಿದ್ದ, ಸತ್ತವರ ಹೆಸರುಗಳನ್ನು ಪಟ್ಟಿಮಾಡುತ್ತಿದ್ದ. ಇಪ್ಪತ್ತಕ್ಕೆ ನೆನಪು ತೆಗೆಯುವಂಥದ್ದೇನಿರುತ್ತದೆ ಎಂದು ಕೇಳಬಹುದು. ಜೊತೆಯವರು ಹದಿನೆಂಟು ಹತ್ತೊಂಬತ್ತಕ್ಕೆ ಸಾಯುವ ಕಡೆ ಇಪ್ಪತ್ತು ಹಿರಿಯ ವಯಸ್ಸೇ ಸರಿ. ಹಾಗೆ ನೋಡಿದರೆ ಆತ ಎಂದೂ ಎಳೆಯನಾಗಿರಲಿಲ್ಲ. ಬದಲಾದದ್ದು ಎಂದು ನಾನು ತೋರಿಸಲು ಹೊರಟ ಗುಣವೇ ಮೊದಲಿನಿಂದ ಕೊನೆಯವರೆಗೆ ಬದಲಾಗದೆ ಉಳಿದಿತ್ತು: ಉಳಿದುಕೊಂಡವನು, ಹೋದವರ ಲೆಕ್ಕ ಇಡುವವನು. ಸಿದ್ಧಾಂತವನ್ನು ನಾನು ಅಲ್ಲಿಗೇ ಬಿಡಲಿಲ್ಲ, ಆದರೆ ಅದನ್ನು ತಿದ್ದಿಕೊಳ್ಳಬೇಕಾಯಿತು.

ತಿದ್ದಿಕೊಳ್ಳಲು ನೆರವಾದದ್ದು ಎರಡು ಹಾಡುಗಳು. 1996ರ ಆಲ್ಬಮ್ಮಿನಲ್ಲಿ 'ಐ ಗೇವ್ ಯು ಪವರ್' ಎಂಬುದೊಂದಿದೆ, ಬೀಟ್ ಪ್ರೀಮಿಯರ್‌ನದು. ಇಡೀ ಹಾಡಿನಲ್ಲಿ ಮಾತನಾಡುವುದು ಒಂದು ಪಿಸ್ತೂಲು. ಕೈಯಿಂದ ಕೈಗೆ ಸಾಗುತ್ತ, ತನ್ನಿಂದ ಆದ ಸಾವುಗಳಿಗೆ ರೋಸಿ, ಇನ್ನು ಮುಂದೆ ಸಿಡಿಯುವುದಿಲ್ಲ ಎಂದು ಅದು ನಿಶ್ಚಯಿಸುತ್ತದೆ. ಒಡೆಯ ಗುರಿಯಿಟ್ಟು ಕುದುರೆ ಒತ್ತಿದಾಗ ಅದು ಕಚ್ಚಿಕೊಂಡು ನಿಲ್ಲುತ್ತದೆ. ಎದುರಿನವನ ಗುಂಡಿಗೆ ಒಡೆಯ ಸಾಯುತ್ತಾನೆ. ನೆಲದ ಮೇಲೆ ಬಿದ್ದಿರುವ ಪಿಸ್ತೂಲು ಬಿಡುಗಡೆಯಾಯಿತೆಂದು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಕೈ ಅದನ್ನು ಎತ್ತಿಕೊಳ್ಳುತ್ತದೆ. ಎರಡನೆಯ ಹಾಡು ಇಪ್ಪತ್ತಾರು ವರ್ಷಗಳ ನಂತರ, 2022ರ 'ಕಿಂಗ್ಸ್ ಡಿಸೀಸ್ 3' ಆಲ್ಬಮ್ಮಿನದು. ಅದರ ಹೆಸರು 'ಬೀಫ್', ಅಂದರೆ ಅವರ ಆಡುನುಡಿಯಲ್ಲಿ ಹಗೆತನ. ಇಲ್ಲಿ ಮಾತನಾಡುವುದು ಆ ಹಗೆತನವೇ.

ತಂತ್ರ ಒಂದೇ. ಜೀವವಿಲ್ಲದ ಒಂದಕ್ಕೆ ಬಾಯಿ ಕೊಡುವುದು, ಹಿಂಸೆಯನ್ನು ಅದರ ಬಾಯಿಂದಲೇ ಹೇಳಿಸುವುದು. ಎರಡನೆಯದನ್ನು ಕೇಳಿ, ಹಳೆಯ ಸರಕಿಗೆ ಹೊಸ ಚೀಟಿ ಎಂದು ಮೂಗುಮುರಿದವರಿದ್ದಾರೆ. ನಾನು ಹಾಗೆ ಕೇಳಲಿಲ್ಲ. ಪಿಸ್ತೂಲು ಒಂದು ವಸ್ತು. ಅದನ್ನು ಮುಟ್ಟಬಹುದು, ಅದಕ್ಕೆ ತೂಕವಿದೆ, ಅದು ಯಾರದೋ ಕಿಸೆಯಲ್ಲಿರುತ್ತದೆ. ಇಪ್ಪತ್ತೆರಡು ವರ್ಷದವನ ಜಗತ್ತಿನಲ್ಲಿ ಸಾವಿಗೆ ಅಷ್ಟು ಖಚಿತವಾದ ಆಕಾರವಿತ್ತು. ನಲವತ್ತೊಂಬತ್ತಕ್ಕೆ ಬರುವ ಹೊತ್ತಿಗೆ ಆತ ಕಂಡಿದ್ದೇನೆಂದರೆ ಪಿಸ್ತೂಲು ನಿಮಿತ್ತ ಮಾತ್ರ, ಅದಕ್ಕಿಂತ ಮುಂಚೆ ಗಾಳಿಯಲ್ಲಿ ಒಂದು ಹುಳಿ ಹುದುಗಿರುತ್ತದೆ. ಹೆಸರು, ಮಾನ, ಮಾತಿಗೆ ಮಾತು. ವಸ್ತುವಿನಿಂದ ಕಾರಣದ ಕಡೆಗೆ ನಡೆದ ಈ ಹೆಜ್ಜೆಯನ್ನೇ ನಾನು ವಿಕಾಸ ಎಂದು ಕರೆಯುತ್ತೇನೆ. ಹಾಗೆಂದು ಎರಡನೆಯ ಹಾಡು ಮೊದಲನೆಯದಕ್ಕಿಂತ ಉತ್ತಮವೇ ಎಂದರೆ, ಅಲ್ಲ. ಕಾರಣವನ್ನು ಅರಿಯುವುದು ಬಾಳಿಗೆ ದೊಡ್ಡದು. ಹಾಡಿಗೆ ನೆಲದ ಮೇಲೆ ಬಿದ್ದ ಆ ಪಿಸ್ತೂಲೇ ದೊಡ್ಡದು. ಕಣ್ಣಿಗೆ ಕಟ್ಟುವುದು ಅದೇ.

ಬೀಟ್‌ಗಳ ವಿಷಯವಾಗಿ ಇಪ್ಪತ್ತು ವರ್ಷ ನಡೆದ ವಾದವನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ನಾಸ್‌ಗೆ ಬೀಟ್ ಆರಿಸುವ ಕಿವಿಯಿಲ್ಲ ಎಂಬುದು ಅಭಿಮಾನಿಗಳಲ್ಲಿ ನಾಣ್ಣುಡಿಯಷ್ಟು ಬಳಕೆಯಾದ ದೂರು. ಅದರಲ್ಲಿ ಅರ್ಧದಷ್ಟು ನಿಜವಿದೆ, ಉಳಿದರ್ಧ ಮೊದಲ ಆಲ್ಬಮ್ಮಿನ ಐವರು ಹುಟ್ಟಿಸಿದ ಅತಿನಿರೀಕ್ಷೆ. 2018ರ ಜೂನ್‌ನಲ್ಲಿ ಕಾನ್ಯೆ ವೆಸ್ಟ್ ಸಂಯೋಜನೆಯಲ್ಲಿ ಏಳು ಹಾಡುಗಳ 'ನಾಸಿರ್' ಬಂದಾಗ ಬೀಟ್‌ಗಳ ಬಗ್ಗೆ ಯಾರೂ ದೂರಲಿಲ್ಲ, ಈ ಸಲ ಬರವಣಿಗೆಯೇ ಪೇಲವವಾಗಿತ್ತು. ಇಬ್ಬರು ಪ್ರತಿಭಾವಂತರು ಒಂದೇ ಕೋಣೆಯಲ್ಲಿದ್ದೂ ಒಬ್ಬರನ್ನೊಬ್ಬರು ಭೇಟಿಯಾಗದೆ ಹೊರಟುಹೋದಂತೆ ನನಗೆ ಅನಿಸಿತ್ತು.

ಆಮೇಲೆ ಬಂದವನು ಹಿಟ್-ಬಾಯ್. ಕ್ಯಾಲಿಫೋರ್ನಿಯಾದವನು, 1987ರಲ್ಲಿ ಹುಟ್ಟಿದವನು. 'ಇಲ್‌ಮ್ಯಾಟಿಕ್' ಬಂದಾಗ ಇನ್ನೂ ಏಳು ತುಂಬದ ಮಗು. 2020ರ ಆಗಸ್ಟ್‌ನಲ್ಲಿ 'ಕಿಂಗ್ಸ್ ಡಿಸೀಸ್', 2021ರಲ್ಲಿ ಅದರ ಎರಡನೆಯ ಭಾಗ, ಅದೇ ವರ್ಷದ ಕ್ರಿಸ್‌ಮಸ್‌ನ ಹಿಂದಿನ ದಿನ ಒಂಬತ್ತು ಹಾಡುಗಳ 'ಮ್ಯಾಜಿಕ್', 2022ರ ನವೆಂಬರ್‌ನಲ್ಲಿ ಮೂರನೆಯ 'ಕಿಂಗ್ಸ್ ಡಿಸೀಸ್', 2023ರ ಜುಲೈ ಮತ್ತು ಸೆಪ್ಟೆಂಬರ್‌ಗಳಲ್ಲಿ ಇನ್ನೆರಡು 'ಮ್ಯಾಜಿಕ್'. ಕೊನೆಯದು ಬಂದದ್ದು ಸೆಪ್ಟೆಂಬರ್ 14ರಂದು, ಆತನ ಐವತ್ತನೆಯ ಹುಟ್ಟುಹಬ್ಬದ ದಿನ. ಒಟ್ಟು ಸುಮಾರು ಎಂಬತ್ತು ಹಾಡುಗಳು. ನಡುವೆ, 2021ರ ಮಾರ್ಚ್‌ನಲ್ಲಿ, ಎಷ್ಟೋ ಸಲ ನಾಮನಿರ್ದೇಶನಗೊಂಡು ಬರಿಗೈಯಲ್ಲಿ ಮರಳಿದ್ದವನಿಗೆ ಮೊದಲ ಗ್ರ್ಯಾಮಿ ದೊರೆಯಿತು.

ಈ ಆರರ ಗುಣ ಯಾವುದು? ನನ್ನ ಮಟ್ಟಿಗೆ ಅದು ಸಲೀಸು. ಒಬ್ಬನೇ ಸಂಯೋಜಕನಿರುವುದರಿಂದ ಪ್ರತಿ ಸಲವೂ ಹೊಸ ಚಪ್ಪಲಿ ಹಾಕಿ ನೋಡುವ ತೊಂದರೆಯಿಲ್ಲ. ಇಬ್ಬರ ನಡುವೆ ಒಂದು ರೂಢಿ ಬೆಳೆದಿದೆ, ಹಾಡಿನ ನಡುವೆ ಬೀಟ್ ಮಗ್ಗುಲು ಬದಲಿಸಿದರೆ ನಾಸ್‌ನ ಉಸಿರೂ ಅದರೊಡನೆ ತಿರುಗುತ್ತದೆ. ಮೂರನೆಯ 'ಕಿಂಗ್ಸ್ ಡಿಸೀಸ್' ಅತಿಥಿಗಳ ಚರಣಗಳಿಲ್ಲದೆ ಬಂದದ್ದು. ಆರರಲ್ಲಿ ನನಗೆ ಅದೇ ಮಿಗಿಲು. ಅದರಲ್ಲಿ 'ಥುನ್' ಎಂಬ ಹಾಡಿನಲ್ಲಿ ಆತ ಜೇ-ಝೀ ಜೊತೆಗಿನ ಹಳೆಯ ಕಾಳಗವನ್ನು ನೆನೆದು ನಗುತ್ತಾನೆ. ಸರಾಸರಿಯ ಹಂಗನ್ನು ಹೊತ್ತವನು ಅದನ್ನೇ ಚೇಷ್ಟೆಗೆ ತಿರುಗಿಸುವಷ್ಟು ದೂರ ಬಂದಿದ್ದಾನೆ ಎಂಬುದು ಆ ನಗುವಿನಲ್ಲಿ ಕೇಳುತ್ತದೆ. ಎರಡನೆಯ 'ಮ್ಯಾಜಿಕ್' ಬಗ್ಗೆ ಹೇಳುವುದು ಹೆಚ್ಚಿಲ್ಲ. ಅದು ಬಾರದಿದ್ದರೂ ಕೊರತೆ ಕಾಣುತ್ತಿರಲಿಲ್ಲ.

ಹಳೆಯ ಪಂಗಡದವರ ಆಕ್ಷೇಪ ಈ ಸಲೀಸಿನ ಮೇಲೆಯೇ. ಎಂಬತ್ತು ಹಾಡುಗಳಲ್ಲಿ ಎಷ್ಟನ್ನು ಹತ್ತು ವರ್ಷದ ಮೇಲೆ ನೆನಪಿಟ್ಟುಕೊಳ್ಳುತ್ತೀರಿ, ಕುಸಿಯದಿರುವುದು ಏರದಿರುವುದರ ಇನ್ನೊಂದು ಹೆಸರಲ್ಲವೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಇನ್ನೂ ಒಂದು ಆಕ್ಷೇಪವನ್ನು ನಾನೇ ಸೇರಿಸುತ್ತೇನೆ. 'ಕಿಂಗ್ಸ್ ಡಿಸೀಸ್' ಎಂದರೆ ಗೌಟ್, ಅತಿಯಾಗಿ ಉಂಡು ಕುಡಿದ ಅರಸರ ಕೀಲುನೋವು. ಸಿರಿ ಮಿತಿಮೀರಿದರೆ ಬರುವ ರೋಗ ಎಂಬ ರೂಪಕ. ಒಳ್ಳೆಯ ರೂಪಕ. ಆದರೆ ಆಲ್ಬಮ್‌ಗಳೊಳಗೆ ರೋಗದ ಎಚ್ಚರಕ್ಕಿಂತ ಔತಣದ ವರ್ಣನೆಯೇ ಹೆಚ್ಚು. ರಿಂಗ್, ಕಾಯಿನ್‌ಬೇಸ್‌ನಂಥ ಕಂಪನಿಗಳಲ್ಲಿ ಮೊದಲೇ ಹಣ ಹೂಡಿ ಗೆದ್ದವನು ಆತ. ಗೆದ್ದವನು ಗೆಲುವಿನ ಬಗ್ಗೆ ಹಾಡುವುದರಲ್ಲಿ ತಪ್ಪಿಲ್ಲ, ಹುಸಿಯೂ ಇಲ್ಲ. ಆದರೆ ಷೇರು ಏರಿದ ಸುದ್ದಿ ಕೇಳುಗನನ್ನು ಕಿಟಕಿಯ ಬಳಿಗೆ ಕರೆದೊಯ್ಯುವುದಿಲ್ಲ. ಉಳಿದುಕೊಂಡವನು ಹೋದವರ ಲೆಕ್ಕ ಇಡುವಾಗ ನಾವು ಮೈಯೆಲ್ಲ ಕಿವಿಯಾಗುತ್ತೇವೆ, ತನ್ನ ಲೆಕ್ಕಪುಸ್ತಕ ತೋರಿಸುವಾಗ ಗಡಿಯಾರ ನೋಡುತ್ತೇವೆ.

ಆದರೂ ಹೊಸ ಪಂಗಡದವರ ಪರವಾಗಿ ಒಂದು ಮಾತನ್ನು ಹೇಳಲೇಬೇಕು, ಈ ಮಾತನ್ನು ಅವರೂ ಸಾಕಷ್ಟು ಹೇಳುವುದಿಲ್ಲ. ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು, ಬ್ರಾಂಕ್ಸ್‌ನ ಸೆಜ್‌ವಿಕ್ ಅವೆನ್ಯೂದ ಕಟ್ಟಡವೊಂದರಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯಲ್ಲಿ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ನಾಸ್ ಹುಟ್ಟಿದ್ದು ಅದಾಗಿ ಐದು ವಾರಕ್ಕೆ, ಬ್ರೂಕ್ಲಿನ್‌ನಲ್ಲಿ. ಅಂದರೆ ಆತನಿಗೂ ಆತನ ಕಲೆಗೂ ಒಂದೇ ವಯಸ್ಸು. ಬ್ಲೂಸ್ ಹಾಡುವವನು ಎಪ್ಪತ್ತಕ್ಕೆ ಹೇಗಿರಬೇಕೆಂಬುದಕ್ಕೆ ಆ ಸಂಗೀತದಲ್ಲಿ ಮಾದರಿಗಳಿದ್ದವು, ಅದಕ್ಕೆ ಆತ ತನ್ನ ತಂದೆಯನ್ನು ನೋಡಿದರೂ ಸಾಕಿತ್ತು. ಐವತ್ತರ ರ‍್ಯಾಪರ್ ಹೇಗಿರಬೇಕೆಂದು ತೋರಿಸಲು ಮುಂದೆ ನಡೆದವರು ಬೆರಳೆಣಿಕೆಯಷ್ಟು. ಜೇ-ಝೀ 2017ರಲ್ಲಿ, ನಲವತ್ತೇಳರಲ್ಲಿ, '4:44' ಆಲ್ಬಮ್ ಮೂಲಕ ತನ್ನ ದಾಂಪತ್ಯದ ತಪ್ಪುಗಳನ್ನು ಒಪ್ಪಿಕೊಂಡು ಒಂದು ದಾರಿ ತೋರಿಸಿದ. ಮೂರನೆಯ 'ಮ್ಯಾಜಿಕ್' ಬಂದ ಎರಡು ತಿಂಗಳಿಗೆ ಔಟ್‌ಕಾಸ್ಟ್ ಜೋಡಿಯ ಆಂಡ್ರೆ 3000 ಕೊಳಲಿನ ಆಲ್ಬಮ್ ಹೊರತಂದು, ನಲವತ್ತೆಂಟರಲ್ಲಿ ನಾನು ಯಾವುದರ ಬಗ್ಗೆ ರ‍್ಯಾಪ್ ಮಾಡಲಿ, ಕರುಳಿನ ತಪಾಸಣೆಯ ಬಗ್ಗೆಯೇ ಎಂಬರ್ಥದ ಮಾತನ್ನಾಡಿದ. ತಮಾಷೆಯಂತೆ ಕಂಡರೂ ಅದು ಗಂಭೀರವಾದ ಕೈಚೆಲ್ಲುವಿಕೆ, ನಾನದನ್ನು ಗೌರವಿಸುತ್ತೇನೆ. ಆದರೆ ನಾಸ್ ಆ ಪ್ರಶ್ನೆಗೆ ಎಂದೋ ಉತ್ತರ ಕೊಡಲು ತೊಡಗಿದ್ದ.

2002ರಲ್ಲಿ ತಾಯಿ ತೀರಿಕೊಂಡರು. ಆ ವರ್ಷದ ಕೊನೆಗೆ ಬಂದ ಆಲ್ಬಮ್ಮಿನಲ್ಲಿ ಅವರೊಡನೆ ಇನ್ನೊಂದು ಸಲ ನರ್ತಿಸುವ ಆಸೆಯ ಹಾಡಿದೆ. 2004ರಲ್ಲಿ ತಂದೆಯ ಜೊತೆ ಸೇರಿ ಬ್ಲೂಸ್‌ನಿಂದ ರ‍್ಯಾಪ್‌ಗೆ ಸೇತುವೆ ಕಟ್ಟುವ ಹಾಡು. 2012ರ 'ಲೈಫ್ ಈಸ್ ಗುಡ್'ನ ಮುಖಪುಟದಲ್ಲಿ, ಬಿಟ್ಟುಹೋದ ಹೆಂಡತಿಯ ಮದುವೆಯ ಹಸಿರು ಉಡುಗೆಯನ್ನು ತೊಡೆಯ ಮೇಲೆ ಹಾಕಿಕೊಂಡು ಆತ ಕುಳಿತಿದ್ದಾನೆ. ಒಳಗೆ, ಬೆಳೆಯುತ್ತಿರುವ ಮಗಳನ್ನು ಹೇಗೆ ಕಾಯಬೇಕೆಂದು ತಿಳಿಯದೆ ಒದ್ದಾಡುವ ಅಪ್ಪನ ಹಾಡಿದೆ. ಮಗ, ಅಪ್ಪ, ಮುರಿದ ಮನೆಯ ಯಜಮಾನ. ರ‍್ಯಾಪ್‌ನಲ್ಲಿ ವಯಸ್ಸಾಗುವುದಕ್ಕೆ ಭಾಷೆಯನ್ನು ಹುಡುಕುವ ಕೆಲಸವನ್ನು ಆತ ಬಿಡಿಬಿಡಿಯಾಗಿ, ಒಳ್ಳೆಯ ಆಲ್ಬಮ್‌ಗಳಲ್ಲೂ ಸುಮಾರಾದವುಗಳಲ್ಲೂ ಮಾಡುತ್ತ ಬಂದಿದ್ದಾನೆ. ಆಲ್ಬಮ್ಮಿಗೆ ಇಷ್ಟು ಅಂಕ ಎಂದು ಹಂಚಿ ಸರಾಸರಿ ತೆಗೆಯುವವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಈ ಎಳೆ ಆಲ್ಬಮ್‌ಗಳ ಗಡಿಯನ್ನು ಲೆಕ್ಕಿಸದೆ ಹಾಯುತ್ತದೆ.

ದನಿಯ ಬಗ್ಗೆ ಒಂದೆರಡು ಮಾತು. 1994ರ ದನಿಯಲ್ಲಿ ಒಂದು ಒರಟು ದಟ್ಟಣೆಯಿತ್ತು. ಪದಗಳು ಒಂದರ ಹೆಗಲ ಮೇಲೊಂದು ಹತ್ತಿ ಹೊರಗೆ ಇಣುಕುವಂತಿದ್ದವು. ಈಗ ಆತ ಸಾಲಿನ ಕೊನೆಯಲ್ಲಿ ಜಾಗ ಬಿಡುತ್ತಾನೆ, ಕೆಲವೊಮ್ಮೆ ಬೀಟ್‌ಗಿಂತ ಕೂದಲೆಳೆಯಷ್ಟು ಹಿಂದೆ ಉಳಿಯುತ್ತಾನೆ, ಮಾತನಾಡಿದಂತೆ ಹಾಡುತ್ತಾನೆ. ಇದನ್ನು ಸೋಮಾರಿತನವೆಂದು ಕರೆಯುವವರಿದ್ದಾರೆ. ನಲವತ್ತರ ಮೇಲಿನ ಪುಪ್ಪುಸಗಳ ಮಿತಿಯನ್ನು ಅರಿತು ಅದನ್ನೇ ಶೈಲಿಯಾಗಿಸಿಕೊಂಡ ಜಾಣತನ ಅದು ಎನ್ನುವುದು ನನ್ನ ಅಭಿಪ್ರಾಯ.

2025ರ ಡಿಸೆಂಬರ್‌ನಲ್ಲಿ ಹಳೆಯ ಪಂಗಡದವರ ಬಹುದಿನದ ಕನಸು ಈಡೇರಿತು. ಸುಮಾರು ಇಪ್ಪತ್ತು ವರ್ಷಗಳಿಂದ ಬರುತ್ತದೆ ಬರುತ್ತದೆ ಎನ್ನುತ್ತಿದ್ದ, ನಾಸ್ ಮತ್ತು ಡಿಜೆ ಪ್ರೀಮಿಯರ್ ಜೊತೆಯಾಗಿ ಮಾಡಿದ 'ಲೈಟ್-ಇಯರ್ಸ್' ಕೊನೆಗೂ ಹೊರಬಂತು. ಮೂರು ದಶಕಗಳ ಹಿಂದಿನ ಬೀಟ್‌ಗಳ ಕೈ ಅದೇ, ಬಾಯಿಯೂ ಅದೇ. ವಾದ ಅಲ್ಲಿಗೆ ಮುಗಿಯಬೇಕಿತ್ತು ಎಂದು ತೋರುತ್ತದೆಯಲ್ಲವೇ? ನನ್ನ ಗೆಳೆಯನೊಡನೆ ಕುಳಿತು ಅದನ್ನು ಕೇಳಿದಾಗ, ಸಂಜೆ ಮುಗಿಯುವುದರೊಳಗೆ ನಾವು ಮತ್ತೆ 1994ಕ್ಕೆ ಮರಳಿದ್ದೆವು. ಇಷ್ಟು ವರ್ಷ ದೂರು ಬೀಟ್‌ಗಳದ್ದು ಎಂದು ಅಂದುಕೊಂಡಿದ್ದೆವು. ಬೀಟ್ ಕಟ್ಟುವವನು ಮರಳಿ ಬಂದರೂ ದೂರು ಎದ್ದು ಹೋಗಲಿಲ್ಲ.

ಗೆಳೆಯ ಹಠಕ್ಕೆ ಬಿದ್ದು 'ಎನ್.ವೈ. ಸ್ಟೇಟ್ ಆಫ್ ಮೈಂಡ್' ಹಾಕಿದ. ಪ್ರೀಮಿಯರ್‌ನ ಆ ಕತ್ತಲೆಯ ಪಿಯಾನೊ ತುಣುಕು ಸುತ್ತುತ್ತಿರುವಾಗ, ಚರಣ ಆರಂಭವಾಗುವ ಮೊದಲು, ಹುಡುಗ ತನ್ನಷ್ಟಕ್ಕೆ ಗೊಣಗುತ್ತಾನೆ: ಇದನ್ನು ಹೇಗೆ ಶುರುಮಾಡಬೇಕೋ ಗೊತ್ತಾಗುತ್ತಿಲ್ಲ ಎಂದು. ಪ್ರೀಮಿಯರ್ ನೆನಪಿಸಿಕೊಂಡಿರುವಂತೆ ಅದು ನಾಟಕವಲ್ಲ, ಮೈಕ್ ಚಾಲೂ ಇದ್ದಾಗ ಆತನಿಗೆ ನಿಜವಾಗಿಯೂ ತೋಚದೆ ಆಡಿದ ಮಾತು. ಮರುಕ್ಷಣ ಹೊರಬಂದ ಚರಣವನ್ನು ಒಂದೇ ಓಟದಲ್ಲಿ ಮುದ್ರಿಸಿಕೊಂಡರು. ಆಮೇಲೆ ನಾನು ಹಿಟ್-ಬಾಯ್ ಜೊತೆಗಿನ ಆರನ್ನೂ ಅದೇ ಒಂದು ವಿಷಯಕ್ಕಾಗಿ ಮತ್ತೆ ಕೇಳಿದ್ದೇನೆ. ಎಂಬತ್ತು ಹಾಡುಗಳಲ್ಲಿ ಹಾಸ್ಯವಿದೆ, ಪಶ್ಚಾತ್ತಾಪವಿದೆ, ಸತ್ತ ಗೆಳೆಯರಿದ್ದಾರೆ, ಪ್ರಾಸದ ಗೊಂಚಲುಗಳು ಒಂದೂ ಉದುರಿಲ್ಲ. ಹೇಗೆ ಶುರುಮಾಡಬೇಕೆಂದು ತಿಳಿಯದೆ ನಿಂತ ಜಾಗ ಮಾತ್ರ ನನಗೆ ಎಲ್ಲಿಯೂ ಸಿಗಲಿಲ್ಲ. ಗೆಳೆಯನಿಗೆ ಇದನ್ನು ಹೇಳಿದರೆ, ಐವತ್ತಕ್ಕೂ ಅದು ತಿಳಿಯದಿದ್ದರೆ ಹೇಗೆ ಎನ್ನುತ್ತಾನೆ.